ಬೇಸಿಗೆಯಲ್ಲಿ ತುಂಬಿದ ಬಾವಿ

ಮಾನ್ವಿಯ ನನ್ನ ತವರು ಮನೆಯ ಹಿತ್ತಲಲ್ಲಿ ಒಂದು ಬಾವಿ ಇದೆ. ನಾನು ಹುಡುಗಿಯಾಗಿದ್ದಾಗ ಅದು ಶಿವರಾತ್ರಿಯ ಹೊತ್ತಿಗೇ ಬತ್ತಿಹೋಗುತ್ತಿತ್ತು. ಕೊಡ ಇಳಿಸಿದರೆ ತಳದ ಕಲ್ಲಿಗೆ ಬಡಿದ ಸದ್ದು ಬರುತ್ತಿತ್ತು. ಆಗ ಅಮ್ಮ ಹಗ್ಗ ಸುತ್ತಿ ಗೂಟಕ್ಕೆ ಹಾಕಿ, ಮಳೆ ಬರುವತನಕ ಮಡಿ ನೀರಿಗೆ ಗುಡಿಯ ಬಾವಿಗೆ ಹೋಗುತ್ತಿದ್ದಳು. ಅದೇ ಬಾವಿ ಈಗ ಬೇಸಿಗೆಯಲ್ಲಿ ತುಂಬುತ್ತದೆ. ಆಕಾಶದಲ್ಲಿ ಮೋಡದ ಚೂರೂ ಇರುವುದಿಲ್ಲ, ಬೀದಿ ನಾಯಿಗಳು ಗಟಾರದ ಕೆಸರಲ್ಲಿ ಹೊಟ್ಟೆ ಊರಿ ಮಲಗಿರುತ್ತವೆ, ನಮ್ಮ ಬಾವಿಯ ನೀರು ಮಾತ್ರ ದಿನಕ್ಕೊಂದು ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ. ಹಗ್ಗವೇ ಬೇಡ, ಬಗ್ಗಿ ತಂಬಿಗೆಯಲ್ಲಿ ಮೊಗೆಯಬಹುದು.

ಕಾರಣ ಗುಟ್ಟಿನದೇನಲ್ಲ. ಹಿತ್ತಲ ಗೋಡೆಯಾಚೆಯ ಎರೆ ಹೊಲಗಳಿಗೆ ಕಾಲುವೆ ಬಂತು. ಜೋಳ ಹೋಯಿತು, ನೆಲ್ಲು ಬಂತು, ಭತ್ತದ ಮಡಿಗಳಲ್ಲಿ ನೀರು ನಿಂತಿತು. ನೆಲ ಕುಡಿದ ನೀರು ಎಲ್ಲಿಗಾದರೂ ಹೋಗಬೇಕಲ್ಲ, ನಮ್ಮ ಬಾವಿಗೆ ಬಂತು. ನಾನು ರಾಯಚೂರಿನಲ್ಲಿ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನೆಲದೊಳಗೆ ನೀರು ಹೇಗೆ ನಡೆಯುತ್ತದೆ ಎಂದು ರೈತರಿಗೆ ಚಿತ್ರ ಬರೆದು ತೋರಿಸುವವಳು. ಆದರೂ ಸುಡು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತು, ಗಾಳಿಯಿಲ್ಲದೆ, ಸದ್ದಿಲ್ಲದೆ ಆ ನೀರು ಕಲ್ಲಿನ ಅಂಚಿಗೆ ಒಂದು ಬೆರಳು ಏರಿದ್ದನ್ನು ಕಂಡಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಕಾರಣ ಗೊತ್ತಿದ್ದರೆ ಹೆದರಿಕೆ ಹೋಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಅಮ್ಮನಿಗೆ ಹೆದರಿಕೆ ಇರಲಿಲ್ಲ. "ಗಂಗವ್ವ ತಾನೇ ನಡಕೋತ ಮನಿಗೆ ಬಂದಾಳ," ಅಂದಳು. "ನೀ ಅದಕ್ಕೂ ಕಾಲುವಿ ಕತಿ ಹೇಳಬ್ಯಾಡ."

ಅವಳ ಸಂತೋಷಕ್ಕೆ ಇನ್ನೊಂದು ಕಾರಣ ಇತ್ತು. ನಮ್ಮದು ಗುಡಿಯ ಪೂಜೆ ಮಾಡಿಕೊಂಡು ಬಂದ ವೈಷ್ಣವರ ಮನೆ. ಮನೆಗೆ ನಲ್ಲಿ ಬಂದು ಎಷ್ಟೋ ವರ್ಷವಾದರೂ ಅದರ ನೀರು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ, ಚರ್ಮ ಮುಟ್ಟಿದ ನೀರು ಮಡಿಗೆ ಬರುವುದಿಲ್ಲ. ಈಗಿನದು ರಬ್ಬರು ಎಂದು ನಾನು ಒಮ್ಮೆ ಪಾನಾ ತಂದು ನಲ್ಲಿ ಬಿಚ್ಚಿ, ವಾಷರನ್ನು ಅಂಗೈಯಲ್ಲಿಟ್ಟು ತೋರಿಸಿದ್ದೆ. ಅಮ್ಮ ನೋಡಿದಳು, ತಲೆಯಾಡಿಸಿದಳು, ಕೊಡ ಎತ್ತಿಕೊಂಡು ಗುಡಿಯ ಬಾವಿಗೆ ಹೋದಳು. ವಾಷರ್ ತಿರುಗಿ ಕೂರಿಸಲು ಬಾರದೆ ಎರಡು ದಿನ ನಲ್ಲಿ ಸೋರಿತು. ಆ ಬೈಗುಳವನ್ನೂ ನಾನೇ ತಿಂದೆ.

ಬಾವಿ ತುಂಬಿದ ಮೊದಲ ಬೇಸಿಗೆಯಲ್ಲಿ ಅಮ್ಮ ನನ್ನನ್ನು ಕೇಳಿದ್ದಳು. "ನೀ ಹೆಂಗೂ ನೀರೂ ನೋಡ್ತೀಯಲ್ಲ, ಇದನ್ನೂ ನೋಡಿ ಹೇಳು." ಒಂದು ಬಾಟಲಿಯಲ್ಲಿ ನೀರು ತಂದೆ. ಹೊಲಕ್ಕೆ ಬಿಡುವ ನೀರಿಗೆ ನಾವು ಏನು ನೋಡುತ್ತೇವೋ ಅದನ್ನೇ ನೋಡಿದೆ. ಉಪ್ಪು ಇಲ್ಲ, ಹುಳಿ ಇಲ್ಲ, ಕ್ಷಾರ ಇಲ್ಲ. ಗೊಬ್ಬರದಿಂದ ನೀರಿಗೆ ಇಳಿಯುವ ನೈಟ್ರೇಟ್ ನೋಡಲಿಲ್ಲ. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ, ಬಟ್ಟಲಲ್ಲಿ ನೀರು ಕಾಯಿಸಿ ಪೂರ್ತಿ ಇಂಗಿಸಿ ಆಮ್ಲ ಹಾಕಬೇಕು, ಆ ವಾರ ಮೇಜಿನ ತುಂಬ ಮಣ್ಣಿನ ಚೀಲಗಳಿದ್ದವು. ಮುಂದಿನ ವಾರ ನೋಡೋಣ ಅಂದುಕೊಂಡೆ, ಮುಂದಿನ ವಾರವೂ ಹಾಗೇ ಅಂದುಕೊಂಡೆ. ಒಂದು ಚೀಟಿಯಲ್ಲಿ "ನೀರು ಒಳ್ಳೆಯದು, ಕುಡಿಯಲು ಅಡ್ಡಿಯಿಲ್ಲ" ಎಂದು ಬರೆದು ಕೆಳಗೆ ಸಹಿ ಹಾಕಿ ಕೊಟ್ಟೆ. ಸಹಿ ಬೇಕಿರಲಿಲ್ಲ, ಅದು ನನ್ನ ಠೇಂಕಾರ. ಅಮ್ಮ ಆ ಚೀಟಿಯನ್ನು ದೇವರ ಮನೆಯ ಗೋಡೆಗೆ ಅಂಟಿಸಿದಳು. ಓಣಿಯ ನಾಲ್ಕು ಮನೆಯವರು ಅದನ್ನು ಓದಿ, ಗುಡಿಯ ಬಾವಿಯ ದಾರಿ ಬಿಟ್ಟು ನಮ್ಮ ಹಿತ್ತಲಿಗೆ ಕೊಡ ತಂದರು.

ನೀರು ತಿಳಿಯಾಗಿತ್ತು, ತಣ್ಣಗಿತ್ತು, ತುಸು ಸಿಹಿಯೂ ಇತ್ತು. ಬಾವಿಯ ಒಳಗೋಡೆಗೆ ಪಾಚಿ ಮಾತ್ರ ವಾರಕ್ಕೊಮ್ಮೆ ತಿಕ್ಕಿದರೂ ಮತ್ತೆ ಹಸಿರು ರೋಮದ ಹಾಗೆ ಬೆಳೆಯುತ್ತಿತ್ತು. ಅದೇ ನೀರು ಕುಡಿದು ಅಂಗಳದ ಬೃಂದಾವನದ ತುಳಸಿ ಎಂದೂ ಕಾಣದಷ್ಟು ಸೊಕ್ಕಿತು. ಎಲೆ ಅಂಗೈ ಅಗಲವಾಯಿತು, ಬಣ್ಣ ಕಪ್ಪಿಗೆ ತಿರುಗಿತು, ಕಾಂಡ ತನ್ನ ಭಾರ ತಾನೇ ತಾಳದೆ ಒಂದು ಕಡೆ ಒರಗಿತು. ವರ್ಷ ಪೂರ್ತಿ ಒಂದು ಹೂತೆನೆಯೂ ಬರಲಿಲ್ಲ. ಎಲೆ ಕಿವುಚಿ ಮೂಗಿಗೆ ಹಿಡಿದರೆ ವಾಸನೆ ಇರಲಿಲ್ಲ. ಬೆಳೆ ಕಪ್ಪು ಹಸಿರಾಗಿ ತೆನೆ ಬಿಡದೆ ಒರಗಿದರೆ ಯೂರಿಯಾ ಹೆಚ್ಚಾಗಿದೆ ಎಂದು ತಿಳಿಯಿರಿ ಅಂತ ನಾನು ಊರೂರಿಗೆ ಹೋಗಿ ಹೇಳುತ್ತೇನೆ. ನಮ್ಮ ಅಂಗಳದಲ್ಲಿ ನಿಂತು ಅದೇ ಗಿಡಕ್ಕೆ ಕೈಮುಗಿದು ಬರುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಈಗ್ಗೆ ಕೆಲವು ವರ್ಷಗಳ ಹಿಂದೆ ತಂಗಿ ಚೊಚ್ಚಲ ಬಾಣಂತನಕ್ಕೆ ಮಾನ್ವಿಗೆ ಬಂದಳು. ಗಂಡು ಕೂಸು, ತುಂಬು ತೂಕ, ಗೋಧಿ ಬಣ್ಣ. ತಿಂಗಳು ತುಂಬುವುದರೊಳಗೆ ತಂಗಿಗೆ ಎದೆಹಾಲು ಕಡಿಮೆಯಾಯಿತು. ಊರಿನ ಡಾಕ್ಟರು ಪುಡಿ ಹಾಲು ಬರೆದುಕೊಟ್ಟರು. ಡಬ್ಬಿಯ ಹಾಲು ಅಮ್ಮನಿಗೆ ಸೇರಲಿಲ್ಲ. ಆದರೆ ಕೂಸು ಹಸಿದು ಅತ್ತಾಗ ಮಡಿಯೂ ಒಂದು ಮೆಟ್ಟಿಲು ಇಳಿಯುತ್ತದೆ. ಪುಡಿ ಡಬ್ಬಿಯದಾದರೂ ನೀರು ನನ್ನದಿರಲಿ ಅಂದಳು. ಬೆಳಗಿನ ಜಾವ ತೊಯ್ದ ಸೀರೆಯಲ್ಲಿ ಬಾವಿಯಿಂದ ನೀರು ತಂದು, ನಮ್ಮ ಮನೆಯ ಪದ್ಧತಿಯಂತೆ ಕಷಾಯದ ಲೆಕ್ಕದಲ್ಲಿ ಕುದಿಸುತ್ತಿದ್ದಳು. ಎರಡು ತಂಬಿಗೆ ಇಟ್ಟರೆ ಒಂದು ತಂಬಿಗೆಗೆ ಇಳಿಯಬೇಕು. ಬಾಣಂತಿಗೂ ಕೂಸಿಗೂ ಇಳಿಸಿದ ನೀರೇ ಆಗಬೇಕು, ಹಸಿ ನೀರು ಶೀತ. ನನ್ನನ್ನೂ ತಂಗಿಯನ್ನೂ ಹಾಗೇ ಬೆಳೆಸಿದ್ದಳು. ನಾನು ಕೂಡ, ಕುದಿಸುತ್ತಾಳೆ ಅಂದಮೇಲೆ ಚಿಂತೆಯಿಲ್ಲ ಎಂದು ನಿಶ್ಚಿಂತಳಾಗಿದ್ದೆ.

ಆರನೆಯ ವಾರದಲ್ಲಿ ಅಮ್ಮ ಫೋನಿನಲ್ಲಿ ಹೇಳಿದಳು, "ಕೂಸಿನ ಮೈಬಣ್ಣ ತಿರುಗ್ಯಾದ ನೋಡು. ಥೇಟ್ ನೀಲಮೇಘಶ್ಯಾಮ. ಓಣಿ ಮಂದಿ ಎಲ್ಲಾ ನೋಡ್ಲಿಕ್ಕೆ ಬರ್ಲಿಕತ್ತಾರ, ದಿನಾ ದೃಷ್ಟಿ ತಗೀತೀನಿ." ಅವಳ ದನಿಯಲ್ಲಿ ಅಷ್ಟು ಹಿಗ್ಗು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ತಂಗಿ ಫೋಟೋ ಕಳಿಸಿದಳು. ತೊಟ್ಟಿಲಲ್ಲಿ ಕೂಸು ಕಣ್ಣು ಬಿಟ್ಟು ಮಲಗಿತ್ತು. ತುಟಿಯ ಸುತ್ತ, ಕಣ್ಣ ಕೆಳಗೆ, ಮುಷ್ಟಿಯ ಗೆಣ್ಣುಗಳ ಮೇಲೆ ತೆಳುವಾದ ಬೂದು ನೀಲಿ. ಹಣೆಯ ಮೇಲೆ ಗೋಪಿಚಂದನ ಇಟ್ಟು, ತಲೆಗೆ ಒಂದು ನವಿಲುಗರಿ ಸಿಕ್ಕಿಸಿದ್ದರು. ಕಿಟಕಿಗೆ ನೀಲಿ ಪರದೆ ಇತ್ತಲ್ಲ, ಅದರ ಬೆಳಕು ಅಂದುಕೊಂಡೆ. ಚೆಂದ ಕಾಣ್ತದ ಎಂದು ಬರೆದು ಕಳಿಸಿದೆ. ಆ ಎರಡು ಶಬ್ದ ಈಗಲೂ ನನ್ನ ಫೋನಿನಲ್ಲಿವೆ, ಅಳಿಸಲು ಕೈ ಬರುವುದಿಲ್ಲ.

ಅದಾಗಿ ವಾರಕ್ಕೆ ನಾನು ಮಣ್ಣಿನ ಮಾದರಿ ತರಲು ದೇವದುರ್ಗದ ಕಡೆ ಹೋಗಿದ್ದೆ. ಗೂಗಲ್ ಎಂಬ ಹಳ್ಳಿಯ ಹತ್ತಿರ, ಕೃಷ್ಣೆಯ ದಂಡೆಗೆ, ಹೊಸದಾಗಿ ನೆಲ್ಲು ಹಾಕಿದ ಹೊಲಗಳು. ಬೆಳಗಿನ ಹನ್ನೊಂದರ ಹೊತ್ತು. ಹೊಳೆಯ ಮೇಲೆ ಗಾಳಿ ಆಡುತ್ತಿರಲಿಲ್ಲ, ಒಂದು ಹಕ್ಕಿಯ ದನಿಯೂ ಇರಲಿಲ್ಲ. ಹೊಲದ ನೀರಿನಲ್ಲಿ ಕಾಲಿಟ್ಟ ಕಡೆಯಲ್ಲೆಲ್ಲ ಕೆಸರಿನೊಳಗಿಂದ ಗುಳ್ಳೆ ಏಳುತ್ತಿತ್ತು. ನಾನು ಕಾಲು ಎತ್ತಿ ದಂಡೆಗೆ ಬಂದಮೇಲೂ, ಯಾರೂ ಮುಟ್ಟದ ಜಾಗಗಳಲ್ಲಿ, ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ, ಒಂದೊಂದೇ ಗುಳ್ಳೆ ಎದ್ದು ಒಡೆಯುತ್ತಿತ್ತು. ಕೆಳಗೆ ಯಾರೋ ಮಲಗಿ ಉಸಿರಾಡುತ್ತಿದ್ದಾರೆ ಅನ್ನಿಸಿ ನಾನು ಸುಮ್ಮನೆ ನಿಂತೆ. ಹೊಲದ ಯಜಮಾನರು, ಹಣೆ ತುಂಬ ವಿಭೂತಿಯ ಹಿರಿಯರು, ನನ್ನ ಪಕ್ಕದಲ್ಲೇ ನಿಂತಿದ್ದರು.

"ನೆಲ ಉಸಿರು ಬಿಡಾಕತ್ತದ್ರೀ ಮೇಡಮ್ಮಾರ. ಜ್ವಾಳ ಬೆಳಿಯೋ ಮುಂದ ಹಿಂಗ ಇರಲಿಲ್ಲ."

"ಕೆಸರಿನ ಗಾಳಿರೀ ಯಜಮಾನ್ರ. ನೀವು ಹಾಕಿದ ಗೊಬ್ಬರದಾಗ ಒಂದು ಪಾಲೂ ಹಿಂಗೇ ಗಾಳಿಗೆ ಹೋಗ್ತದ. ಗಾಳಿಯಿಂದ ಬಂದದ್ದು, ಗಾಳಿಗೇ ವಾಪಸ್."

"ಹೋಗದೇ ಉಳದದ್ದು?"

"ಬೆಳಿಗೆ. ಬೆಳಿ ಬಿಟ್ಟದ್ದು ನೀರಿಗೆ. ನೀರಿನಿಂದ ಹಳ್ಳಕ್ಕ, ಬಾವಿಗೆ."

"ಬಾವಿಯಿಂದ ಎಲ್ಲಿಗ್ರೀ?"

ನಾನು ನಕ್ಕೆ. ಇಷ್ಟು ಪ್ರಶ್ನೆ ಕೇಳುವ ರೈತರು ಸಿಗುವುದು ಅಪರೂಪ, ಅವರ ಮೇಲೆ ಪ್ರೀತಿಯೇ ಬಂತು. ಚೀಲಕ್ಕೆ ಚೀಟಿ ಬರೆಯುತ್ತ ಕೂತೆ. ಮೂರನೆಯ ಚೀಲ ಕಟ್ಟುವಾಗ ತಂಗಿಯ ಫೋನು ಬಂತು.

"ಅಕ್ಕಾ, ಕೂಸು ಹಾಲು ಕುಡೀವಲ್ದು. ಎಬ್ಬಿಸಿದ್ರ ಏಳವಲ್ದು. ಉಗುರು ಕರ್ರಗಾಗ್ಯಾವ."

"ಮೈ?"

"ಮೈ ನೀಲಿನೇ ಅದಲ್ಲ, ಎಂಟು ದಿನ ಆತು. ನೀ ಫೋಟೋ ನೋಡಿದ್ದಿಲ್ಲೇನು?"

ಓದುವಾಗ ಎಂದೋ ಒಂದು ಪುಟದಲ್ಲಿ ಕಂಡ ಎರಡು ಸಾಲು ಹಾಗೇ ಕಣ್ಣ ಮುಂದೆ ಬಂದವು. ನೈಟ್ರೇಟ್ ಇರುವ ನೀರು, ಬಾಟಲಿ ಹಾಲಿನ ಕೂಸು, ಮೈ ನೀಲಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು. ರಕ್ತ ಕೆಂಪಾಗಿಯೇ ಇರಲು ಮರೆಯುತ್ತದೆ, ಉಸಿರಾಡಿದರೂ ಉಸಿರು ಹತ್ತುವುದಿಲ್ಲ. ಹಾಲು ಯಾವ ನೀರಲ್ಲಿ ಕಲಸುತ್ತೀರಿ ಎಂದು ಕೇಳಿದೆ, ಉತ್ತರ ಗೊತ್ತಿದ್ದೂ ಕೇಳಿದೆ.

"ಬಾವೀದು. ಅಮ್ಮ ಈಗೀಗ ಇನ್ನೂ ಹೆಚ್ಚು ಕುದಿಸ್ಲಿಕತ್ತಾಳ. ಎರಡು ತಂಬಿಗಿ ಅರ್ಧ ತಂಬಿಗಿಗೆ ಇಳಸ್ತಾಳ, ಕೂಸಿಗೆ ಹುಷಾರಿಲ್ಲಂತ."

ಇದ್ದ ಬಟ್ಟೆಯಲ್ಲೇ ಹೊರಡಿರಿ, ರಾಯಚೂರಿಗೆ ಬನ್ನಿ, ಬಾಯಿಗೆ ಒಂದು ಹನಿಯೂ ಹಾಕಬೇಡಿ ಎಂದೆ. ಅಪ್ಪ ಗುಡಿಯಲ್ಲಿದ್ದರು, ಕರೆಸುವ ಹೊತ್ತಿರಲಿಲ್ಲ. ನಾನು ಪ್ರಯೋಗಾಲಯದ ಜೀಪಿನಲ್ಲಿ ಹೊರಟೆ. ದೇವದುರ್ಗದ ದಾರಿಯೂ ಮಾನ್ವಿಯ ದಾರಿಯೂ ಕಲ್ಮಲದ ಹತ್ತಿರ ಕೂಡುತ್ತವೆ. ದಾರಿಯುದ್ದಕ್ಕೂ ಎಡಕ್ಕೂ ಬಲಕ್ಕೂ ನೆಲ್ಲಿನ ಹಸಿರು. ಅಷ್ಟು ಹಸಿರನ್ನು ನಾನು ಅಂದು ಮೊದಲ ಸಲ ಅಸಹ್ಯದಿಂದ ನೋಡಿದೆ.

ಕಲ್ಮಲದ ಕ್ರಾಸಿನಲ್ಲಿ ಅವರ ಬಾಡಿಗೆ ಕಾರು ಸಿಕ್ಕಿತು. ಹತ್ತಿ ಕೂತೆ. ಪರದೆ ಇಲ್ಲದ ಬಯಲ ಬೆಳಕಿನಲ್ಲಿ ಕೂಸಿನ ಬಣ್ಣ ಪೂರ್ತಿ ಕಂಡಿತು. ನೀರಲ್ಲಿ ತೊಯ್ದ ಸ್ಲೇಟಿನ ಬಣ್ಣ. ಅಳುತ್ತಿರಲಿಲ್ಲ, ನರಳುತ್ತಿರಲಿಲ್ಲ. ಬೇಗ ಬೇಗ ಉಸಿರಾಡುತ್ತಿತ್ತು, ಅಷ್ಟೇ. ಹಣೆಯ ಗೋಪಿಚಂದನ ಇನ್ನೂ ಮಾಸಿರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ತುಟಿ ಅಲುಗಿಸುತ್ತಿದ್ದಳು. ಮಡಿಲಲ್ಲಿ ಒಂದು ಥರ್ಮಾಸು, ಕೈಯಲ್ಲಿ ಬೆಳ್ಳಿಯ ಚಮಚೆ.

"ಒಂದೇ ಹನಿ ಹಾಕ್ತೀನಿ. ನಾಲಿಗಿ ಒಣಗ್ಯಾದ."

ಚಮಚೆ ಕೂಸಿನ ತುಟಿಯ ಹತ್ತಿರ ಬಂದಿತ್ತು. ನಾನು ಅಮ್ಮನ ಮಣಿಕಟ್ಟು ಹಿಡಿದೆ.

"ಮುಟ್ಟಬ್ಯಾಡ, ಮಡಿಯೊಳಗಿದ್ದೀನಿ," ಅಂದಳು.

ಬಿಡಲಿಲ್ಲ. ಚಮಚೆಯ ನೀರು ಅವಳ ಸೀರೆಯ ಮೇಲೆ ಚೆಲ್ಲಿತು. ಥರ್ಮಾಸು ಕಿತ್ತುಕೊಂಡು ನನ್ನ ಕಾಲ ಕೆಳಗೆ ಇಟ್ಟುಕೊಂಡೆ. ನನ್ನ ಅಮ್ಮನ ಮೇಲೆ ನಾನು ಬಲ ಪ್ರಯೋಗಿಸಿದ್ದು ಅದೊಂದೇ ಸಲ. ರಾಯಚೂರು ಬರುವತನಕ ಅವಳು ನನ್ನ ಕಡೆ ನೋಡಲಿಲ್ಲ.

ಮಕ್ಕಳ ದವಾಖಾನೆಯಲ್ಲಿ ಮೂಗಿಗೆ ಆಮ್ಲಜನಕ ಹಚ್ಚಿದರು. ಬಣ್ಣ ಒಂದಿಷ್ಟೂ ತಿರುಗಲಿಲ್ಲ. ಡಾಕ್ಟರಮ್ಮ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ಬಿಳಿ ಅರಿವೆಯ ಮೇಲೆ ಒಂದು ಹನಿ ರಕ್ತ ತೆಗೆದರು. ಅದು ರಕ್ತದ ಹಾಗಿರಲಿಲ್ಲ, ಜೋನಿ ಬೆಲ್ಲದ ಬಣ್ಣವಿತ್ತು. ಅವರು ಅರಿವೆಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸಿದರು. ಗಾಳಿ ತಾಗಿದರೆ ರಕ್ತ ಕೆಂಪಾಗಬೇಕು, ಇದು ಆಗಲಿಲ್ಲ. ನಾವೆಲ್ಲ ಆ ಒಂದು ಹನಿಯನ್ನೇ ನೋಡುತ್ತ ನಿಂತೆವು.

"ಬಾವಿ ನೀರೇನು?" ಎಂದು ಡಾಕ್ಟರಮ್ಮ ಕೇಳಿದರು.

"ನೆಲ್ಲಿನ ಹೊಲದ ಬದೀಗದ," ಅಂದೆ. ಅವರಿಗೆ ಅಷ್ಟು ಸಾಕಾಯಿತು.

ತಂದ ಔಷಧ ಕಡು ನೀಲಿ. ನಮ್ಮ ಪ್ರಯೋಗಾಲಯದ ಕಪಾಟಿನಲ್ಲೂ ಅದೇ ಹೆಸರಿನ ಒಂದು ಬಾಟಲಿ ಇದೆ, ಮೆಥಿಲೀನ್ ಬ್ಲೂ. ಕೈಗೆ ತಾಗಿದರೆ ನಾಲ್ಕು ದಿನ ಹೋಗದ ಬಣ್ಣ. ಸಿರಿಂಜಿನಲ್ಲಿ ಅದನ್ನು ಕಂಡ ತಂಗಿ ಡಾಕ್ಟರಮ್ಮನ ಕೈಗೆ ಅಡ್ಡ ಬಂದಳು. "ಮೊದಲೇ ನೀಲಿ ಆಗ್ಯಾದ್ರೀ, ಮತ್ತ ನೀಲಿನೇ ಹಾಕ್ತೀರೇನು?" ಅವಳನ್ನು ನಾನು ತಬ್ಬಿ ಹಿಡಿದುಕೊಂಡೆ. ನೀಲಿ ಔಷಧ ಆ ಕಡ್ಡಿಯಂಥ ಕೈಯೊಳಗೆ ನಿಧಾನವಾಗಿ ಇಳಿಯಿತು. ಕೂಸು ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡಬಾರದು ಅಂದುಕೊಂಡು ಅದನ್ನೇ ನೋಡುತ್ತಿದ್ದೆ.

ಮೊದಲು ಕಿವಿಯ ತುದಿ ತಿರುಗಿತು. ಆಮೇಲೆ ತುಟಿ. ಯಾರೋ ಒಳಗಿನಿಂದ ಬೂದಿ ಒರೆಸುತ್ತ ಬಂದ ಹಾಗೆ. ಒಂದು ತಾಸಿನೊಳಗೆ ಕೂಸು ಕಣ್ಣು ಬಿಟ್ಟು, ಮುಖ ಕಿವುಚಿ, ಹಸಿವಿಗೆ ಅತ್ತಿತು. ಆ ಅಳು ಕೇಳಿ ನಾನು ಗೋಡೆಗೆ ತಲೆ ಕೊಟ್ಟು ಅತ್ತೆ. ಸ್ವಲ್ಪ ಹೊತ್ತಿಗೆ ಅದು ಉಚ್ಚೆ ಹೊಯ್ದಾಗ ಬಿಳಿ ಬಟ್ಟೆಯ ಮೇಲೆ ಹಸಿರು ನೀಲಿಯ ಕಲೆ ಹರಡಿತು. ಔಷಧದ ಬಣ್ಣ ಹಾಗೇ ಹೊರಬರುತ್ತದೆ ಎಂದು ನರ್ಸು ಹೇಳಿದಳು. ಅಮ್ಮ ಆ ಕಲೆಯ ಮೇಲೆ ತನ್ನ ಅಂಗೈ ಮುಚ್ಚಿ ಬಹಳ ಹೊತ್ತು ಕೂತಳು. ಅವಳು ಏನು ಅಂದುಕೊಂಡಳೋ ನಾನು ಇಂದಿಗೂ ಕೇಳಿಲ್ಲ.

ಮರುದಿನ ಥರ್ಮಾಸಿನ ನೀರನ್ನೂ, ಅಪ್ಪ ಕಳಿಸಿಕೊಟ್ಟ ಬಾವಿಯ ನೀರನ್ನೂ ನಾನೇ ಪರೀಕ್ಷೆಗೆ ಇಟ್ಟೆ. ಇಂಗಿಸಿ, ಆಮ್ಲ ಹಾಕಿ, ಕ್ಷಾರ ಬೆರೆಸಿದರೆ ನೈಟ್ರೇಟ್ ಇದ್ದಷ್ಟೂ ಹಳದಿ ಏಳುತ್ತದೆ. ಬಾವಿಯ ನೀರು ಅರಿಶಿನದ ನೀರಾಯಿತು. ಥರ್ಮಾಸಿನದು ಅದಕ್ಕಿಂತ ಗಾಢವಾಗಿ, ನೋಡನೋಡುತ್ತ ಕಿತ್ತಳೆಗೆ ಹತ್ತಿರ ಬಂತು. ಬಣ್ಣ ಅಳೆಯುವ ಯಂತ್ರ ಅದನ್ನು ಓದಲಾರದೆ ಹೋಯಿತು. ಮತ್ತೆ ಮತ್ತೆ ತಿಳಿ ನೀರು ಬೆರೆಸಿ ಓದಿಸಿದೆ. ಗೊಬ್ಬರದ, ನೈಟ್ರೇಟಿನ ಮೂಲ ಸಾರಜನಕ, ನಮ್ಮ ಸುತ್ತಲಿನ ಗಾಳಿಯಲ್ಲಿ ಹೆಚ್ಚಿನ ಪಾಲು ಅದೇ. ಮೂಗಿನಿಂದ ಒಳಗೆ ಹೋಗಿ, ಏನೂ ಮಾಡದೆ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಅದನ್ನು ಗಾಳಿಯಿಂದ ಎಳೆದು ಬಿಳಿ ಹರಳು ಮಾಡಿ ಚೀಲಕ್ಕೆ ತುಂಬಿದವರು ನಾವು. ಹೊಲದಲ್ಲಿ ನೀರು ನಿಂತಾಗ ಗುಳ್ಳೆಯಾಗಿ ತಪ್ಪಿಸಿಕೊಳ್ಳುತ್ತದೆ, ಹೊಲ ಒಣಗಿದಾಗ ಉಪ್ಪಾಗಿ ಮಣ್ಣಿನಲ್ಲಿ ಕೂರುತ್ತದೆ, ಮತ್ತೆ ನೀರು ಬಿಟ್ಟಾಗ ಎದ್ದು ನಡೆಯುತ್ತದೆ. ಅದು ಎಲ್ಲೂ ಸಾಯುವುದಿಲ್ಲ. ನಮ್ಮ ಕೂಸಿನ ರಕ್ತದೊಳಗೆ ಎಂಟು ದಿನ ಬಿಡಾರ ಮಾಡಿತ್ತು ಅಷ್ಟೇ. ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದಾಗ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ, ಭಯ ಬಂತು.

ಕೂಸು ಮನೆಗೆ ಬಂದ ದಿನ ನಾನೂ ಮಾನ್ವಿಗೆ ಹೋದೆ. ಮೊದಲು ಹಿತ್ತಲ ಹಿಂದಿನ ಹೊಲಕ್ಕೆ ಹೋದೆ. ದಾರಿಯ ಹೊಲಗಳು ಇನ್ನೂ ಹಸಿರಾಗಿದ್ದರೂ ಇಲ್ಲಿ ಕೊಯ್ಲು ಮೊದಲೇ ಮುಗಿದು ನೆಲ ಬಾಯಿ ಬಿಟ್ಟಿತ್ತು. ಎರೆ ಮಣ್ಣು ಒಣಗಿದರೆ ಬಿರುಕು ಬಿಡುವುದು ಹೊಸದಲ್ಲ, ಆದರೆ ಅಂದು ನಾನು ಮಣ್ಣು ಕೊರೆಯುವ ಉದ್ದನೆಯ ಸಲಾಕೆಯನ್ನು ಒಂದು ಬಿರುಕಿನೊಳಗೆ ಬಿಟ್ಟೆ. ಹಿಡಿಯತನಕ ಹೋಯಿತು, ತಳ ಸಿಗಲಿಲ್ಲ. ಒಂದು ಕಲ್ಲು ಹಾಕಿದೆ, ಬಿದ್ದ ಸದ್ದು ಬರಲಿಲ್ಲ. ಆ ಹೊಲ ಮಾಡುವ ಕಾಕಾ, ಅಪ್ಪನ ವಯಸ್ಸಿನವರು, ಸುದ್ದಿ ಕೇಳಿದ್ದರು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

"ಬೆಳಿಗೆ ಹಾಕಿದ್ದು ಕೂಸಿಗೆ ಹತ್ತೀತಂತ ಯಾರಿಗೆ ಗೊತ್ತಿತ್ತವ್ವಾ? ಹೊಲದಾಗ ಹಾಕೀನಿ, ಹೊಲದಾಗೇ ಅದ ಅಂದ್ಕೊಂಡಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆ ಕಾಕಾ. ಓದಿದಾಕಿ ನಾನು."

ಅವರಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಅವರ ಮನೆಯ ಅಕ್ಕಿಯನ್ನೇ ನಾವೂ ಉಣ್ಣುತ್ತಿದ್ದೆವು. ಆಮೇಲೆ ಅಪ್ಪ ಒಂದು ಪಂಪು ತರಿಸಿ ಬಾವಿಯ ನೀರೆಲ್ಲ ತೆಗೆಸಿದರು. ತಳದ ಕಲ್ಲು ಕಂಡಿತು, ಬಹಳ ವರ್ಷಗಳ ನಂತರ. ಎರಡು ದಿನದಲ್ಲಿ ನೀರು ಮತ್ತೆ ಮೊದಲಿನಷ್ಟೇ ಬಂದು ನಿಂತಿತು, ತಿಳಿಯಾಗಿ, ತಣ್ಣಗೆ.

ಅಂದು ನಾನು ಹೊಲದಿಂದ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಒಂದು ಹೇಳು," ಅಂದಳು. "ನಾ ಇನ್ನಷ್ಟು ಕುದಿಸಬೇಕಾಗಿತ್ತೇನು?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಾಳೆ ಬೇರೆ ಯಾರದೋ ಕೂಸಿಗೆ ಅವಳು ಅದನ್ನೇ ಹೇಳಿಕೊಡುತ್ತಿದ್ದಳು. "ಕುದಿಸಿದಷ್ಟೂ ನೀರು ಹೋಗ್ತದ, ಅದು ಉಳೀತದ ಅಮ್ಮ," ಅಂದೆ. "ಪಾಯಸ ಇಳಿಸಿದ್ರ ಸಿಹಿ ಹೆಚ್ಚಾಗಂಗಿಲ್ಲೇನು, ಹಂಗ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಆದ್ರ ಕುಡೀಬಹುದು ಅಂತ ಬರದು ಕೊಟ್ಟಾಕಿ ನಾನು. ತಪ್ಪು ಅಲ್ಲಿಂದ ಶುರು ಆತು," ಎಂದೂ ಹೇಳಿದೆ. ಅಮ್ಮ ಎದ್ದು ದೇವರ ಮನೆಗೆ ಹೋಗಿ, ಗೋಡೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ನನ್ನ ಕೈಗೆ ಕೊಟ್ಟಳು. ಬೈಯಲಿಲ್ಲ.

"ಈ ನೀರು ಯಾರ್ಯಾರ ಮನಿಗೆ ಹೋಗ್ತದ ಗೊತ್ತದ ಏನು ನಿನಗ? ಮೊದಲು ಅವರಿಗೆ ಹೇಳಿ ಬಾ."

ಮೂರು ಮನೆಗಳಲ್ಲಿ ಕಷ್ಟವಾಗಲಿಲ್ಲ. ಎಳೆಗೂಸು ಇರಲಿಲ್ಲ, ದೊಡ್ಡವರಿಗೆ ಹೀಗಾಗುವುದಿಲ್ಲ ಎಂದು ಸಮಾಧಾನ ಹೇಳಿದೆ, ಆದರೂ ಬೇಡ ಅಂದೆ. ಒಬ್ಬ ಅಜ್ಜಿ ಮಾತ್ರ ಇಷ್ಟು ಚೊಲೋ ನೀರಿಗೆ ನಿನ್ನ ದೃಷ್ಟಿನೇ ತಾಗ್ಯಾದ ಅಂದರು. ಇರಬಹುದು ಎಂದು ಒಪ್ಪಿಕೊಂಡು ಬಂದೆ.

ನಾಲ್ಕನೆಯದು ಓಣಿಯ ಕೊನೆಯ ಮನೆ. ಆ ಮನೆಯ ಸೊಸೆ, ಇಪ್ಪತ್ತೈದರ ಒಳಗಿನ ಹುಡುಗಿ, ಕಟ್ಟೆಯ ಮೇಲೆ ಹೂ ಕಟ್ಟುತ್ತ ಕೂತಿದ್ದಳು. ನಾನು ಹೇಳುತ್ತ ಹೋದೆ. ನೀರು, ಬಾಟಲಿ ಹಾಲು, ನೀಲಿ ಬಣ್ಣ. ಹೇಳುತ್ತಿದ್ದಾಗ ಅವಳ ಬೆರಳು ನಿಂತಿತು. ಹಿಂದಿನ ವರ್ಷ ಆ ಮನೆಯಲ್ಲಿ ಒಂದು ಕೂಸು ಹುಟ್ಟಿ, ಎರಡು ತಿಂಗಳೊಳಗೆ ತೀರಿಕೊಂಡಿತ್ತು. ಎದೆಯಲ್ಲಿ ತೂತು ಇತ್ತಂತೆ ಎಂದು ಅಮ್ಮ ಆಗ ಫೋನಿನಲ್ಲಿ ಹೇಳಿದ್ದು, ನಾನು ಪಾಪ ಅಂದದ್ದು, ಈಗ ಅವಳ ಮುಖ ನೋಡಿದಮೇಲೆ ನೆನಪಾಯಿತು. ಮಾತು ನಿಲ್ಲಿಸಿದೆ. ತಡವಾಗಿತ್ತು.

"ನಮ್ಮ ಕೂಸೂ ಹಿಂಗೇ ಆಗಿತ್ರೀ," ಅಂದಳು. "ನಾಕು ದಿನ. ಕೃಷ್ಣ ಬಂದಾನ ಅಂತ ಎಲ್ಲಾರೂ ನೋಡಿ ಹೋದ್ರು. ತೀರಿದ ಮ್ಯಾಲೆ, ಬಂದು ಹೋದ ಅಂದ್ರು."

ಅದೇ ಇರಬೇಕೆಂದೇನೂ ಇಲ್ಲ, ಬೇರೆ ಕಾರಣವೂ ಇರಬಹುದು ಎಂದೆ. ಅವಳಿಗೆ ಆ ಸಮಾಧಾನ ಬೇಕಿರಲಿಲ್ಲ. ಮಡಿಲಿನ ಹೂಗಳನ್ನು ತಟ್ಟೆಗೆ ಸುರಿದು, ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಇದಕ್ಕ ಔಷಧ ಅದ ಏನ್ರೀ?"

"ಅದ."

"ಎಲ್ಲಿ?"

"ರಾಯಚೂರಾಗೇ ಅದ."

ಅವಳು ದಾರ ಬಿಚ್ಚಿದಳು, ಮತ್ತೆ ಸುತ್ತಿದಳು.

"ಎಷ್ಟೊತ್ತು ಹಿಡೀತದ್ರೀ, ಬಣ್ಣ ತಿರುಗ್ಲಿಕ್ಕೆ?"

"ಒಂದು ತಾಸು," ಅಂದೆ.